ತಟ್ಟೆ ಇಟ್ಟ ದೂರ

ಹೊಳಲ್ಕೆರೆಯ ಶಾಲೆಯಲ್ಲಿ ರಂಗಸ್ವಾಮಿ ಮೇಷ್ಟ್ರು ಮೂಢನಂಬಿಕೆಯ ವಿರುದ್ಧ ಪಾಠಕ್ಕೆ ನಿಂತರೆ ಗಂಟೆ ಹೊಡೆದದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ಹೆಂಡತಿ ಯಶೋದಾಗೆ ಮಾತು ಕೊಟ್ಟಿದ್ದರು: ಮುಟ್ಟಾದಾಗ ತಮ್ಮೂರಿನ ಹಟ್ಟಿಯಾಚೆಯ ಗುಡಿಸಲಲ್ಲಿ ಅವಳು ಯಾವತ್ತೂ ಕೂರಬೇಕಾಗಿಲ್ಲ. ಐದು ವರ್ಷ ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ ಆ ಮಾತು ನಡೆಯಿತು. ನಡೆಸುವುದಕ್ಕೆ ಕಷ್ಟವೇನಿತ್ತು, ಅಲ್ಲಿ ಕೇಳುವವರೇ ಇರಲಿಲ್ಲವಲ್ಲ.

೧೯೯೮ರ ದಸರಾ ರಜೆಗೆ ಇಬ್ಬರೂ ಹಿರಿಯೂರು ಕಡೆಯ ತಮ್ಮ ಹಟ್ಟಿಗೆ, ತಾಯಿ ಕೆಂಚಕ್ಕನ ಮನೆಗೆ ಬಂದರು. ಎರಡನೆಯ ಬೆಳಗ್ಗೆ ಯಶೋದಾ, "ರೀ, ನಾನು ಹೊರಗಾಗಿದೀನಿ," ಎಂದಳು. ಇನ್ನೇನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅಲ್ಲಿ ನಮ್ಮಂತೆ ಇದ್ದಾಯಿತು, ಇಲ್ಲಿ ಇವರಂತೆ ಇದ್ದುಬಿಡೋಣ, ಮೂರು ದಿನ ತಾನೆ, ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ನೆಟ್ಟಗೆ ಕಟ್ಟೆಗೆ ಹೋದರು. ಹಟ್ಟಿಯ ಯಜಮಾನ ಎತ್ತಪ್ಪನಿಗೆ ಸುದ್ದಿ ಒಪ್ಪಿಸಿದರು.

"ಓದಿದ್ರೂ ಕಟ್ಲೆ ಬಿಟ್ಟಿಲ್ಲ ನೋಡ್ರಿ ನಮ್ಮ ಹುಡ್ಗ," ಎಂದು ಎತ್ತಪ್ಪ ಕಟ್ಟೆಯ ಮೇಲಿದ್ದವರಿಗೆ ಹೇಳಿದ. ಮೇಷ್ಟ್ರು ಉಬ್ಬಿದರು. ಥೂ, ಅವತ್ತು ಉಬ್ಬಿದ್ದನ್ನು ನೆನೆದರೆ ಈಗಲೂ ಅವರಿಗೆ ಮೈ ಹಿಡಿಯಾಗುತ್ತದೆ.

ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು. ಯಶೋದಾ ಚಾಪೆ, ಚೊಂಬು ಹಿಡಿದು ಗುಡಿಸಲಿಗೆ ಹೋಗಿಯಾಗಿತ್ತು. ಕೆಂಚಕ್ಕ ಒಲೆ ಮುಂದೆ ಕೂತಿದ್ದಳು.

"ಏನಪ್ಪ, ನಾನು ಕೇಳಿದ್ನಾ ನಿನ್ನ?"

"ಅಲ್ಲವ್ವ, ನಿನಗೆ ಬೇಜಾರಾದೀತು ಅಂತ..."

"ನಸುಕಿನಾಗೆ ಬಂದು ನನಗೇ ಮೊದ್ಲು ಹೇಳಿದ್ಲು. ದೇವರ ಮೂಲೆ ಕಡೆ ಮಾತ್ರ ಹೋಗಬ್ಯಾಡ, ಸುಮ್ನೆ ಒಳಗಿರವ್ವ, ಯಾರಿಗೂ ಹೇಳಬ್ಯಾಡ ಅಂದಿದ್ದೆ. ಮೂವತ್ತು ವರ್ಷ ಆ ಗುಡಿಸ್ಲಲ್ಲಿ ಕುಂತಿದೀನಿ ಕಣಪ್ಪ, ಅದೇನಂತ ನನಗೆ ಗೊತ್ತೈತೆ. ಈಗ ಹಟ್ಟಿಗೆಲ್ಲ ಗೊತ್ತಾತು. ಇನ್ನೇನು ಮಾಡ್ಲಿ ನಾನು?"

ಮೇಷ್ಟ್ರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸಂಜೆ ಮುದ್ದೆ, ಸಾರಿನ ತಟ್ಟೆ ಹಿಡಿದು ತಾವೇ ಹೊರಟರು. ಅವಳ ಕೈಗೇ ಕೊಟ್ಟು ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡರು. ಅವರನ್ನು ಕಂಡು ಯಶೋದಾ ಗುಡಿಸಲ ಬಾಗಿಲಲ್ಲಿ ಎದ್ದು ನಿಂತು ಕೈ ಚಾಚಿದಳು. ಸುತ್ತ ಜಾಲಿ ಗಿಡ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಮೇಷ್ಟ್ರು ನಾಲ್ಕು ಮಾರು ದೂರದಲ್ಲೇ ಬಗ್ಗಿ, ತಟ್ಟೆಯನ್ನು ನೆಲಕ್ಕಿಟ್ಟು, ಹಿಂದಕ್ಕೆ ಸರಿದು ನಿಂತರು.

ಯಶೋದಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇಲ್ಲಿ ಯಾರೂ ನೋಡ್ತಿಲ್ಲ ಕಣ್ರಿ," ಎಂದಳು.

ಮೇಷ್ಟ್ರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬಗ್ಗಿ ಆ ತಟ್ಟೆಯನ್ನು ಎತ್ತಿ ಕೊಡುವುದಕ್ಕೂ ಆಗಲಿಲ್ಲ.