ನಾಲೆ ಏರಿಯ ಜೀಪಿಗೆ ನಾಲ್ಕು ಸಮ ಚಕ್ರ

ಅರಕೆರೆ ಕಡೆಯ ಅಜ್ಜಿಯರಿಗೆ ಜೀಪು ಹತ್ತುವುದೆಂದರೆ ದೊಡ್ಡ ಫಜೀತಿ. ಒಬ್ಬರು ಕೈ ಎಳೆಯಬೇಕು, ಇನ್ನೊಬ್ಬರು ಹಿಂದಿನಿಂದ ನೂಕಬೇಕು, ನಡುವೆ ಸೀರೆ ಸಿಕ್ಕಿಕೊಳ್ಳಬೇಕು, ನೋಡಿದವರು ನಗಬೇಕು. ಮಂಡಿ ನೋವಿನ ಕುಳ್ಳಮ್ಮನಿಗೆ ಆ ನಗು ಕೇಳಿ ಕೇಳಿ ಸಾಕಾಗಿತ್ತು. ಅವಳ ಮಗ ಪುಟ್ಟರಾಜು ಬಾಡಿಗೆಗೆ ಜೀಪು ಓಡಿಸುತ್ತಿದ್ದ. ಮಳೆಗಾಲದಲ್ಲಿ ನಾಲೆ ಏರಿಯ ಕೆಸರಿಗೆ ಹೆದರಿ ಬಸ್ಸು ಬಾರದಿದ್ದರೂ ಅವನ ಜೀಪು ಬರುತ್ತಿತ್ತು. ಯಾಕೆಂದರೆ ಅದು ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಜೀಪು.

ಅವ್ವನ ಕಷ್ಟ ನೋಡಲಾರದೆ ಅವನು ಜೀಪನ್ನೇ ತಗ್ಗಿಸಿಬಿಟ್ಟ. ಅಡಿಯಲ್ಲಿ ಜೀಪಿನ ಭಾರ ಹೊರುವ ಕಮಾನು ಪಟ್ಟಿಗಳಲ್ಲಿ ಕೆಲವನ್ನು ಬಿಚ್ಚಿಸಿದ, ಜೀಪು ಕೆಳಗೆ ಕೂತಿತು. ಆಮೇಲೆ ಬೆಳ್ಳೂರು ಕ್ರಾಸಿಗೆ ಹೋಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಅಗಲವಾದ ದೊಡ್ಡ ಟೈರು, ಟೈರು ಕೂರಿಸಲು ಹೊರಕ್ಕೆ ಚಾಚಿಕೊಂಡ ಕಬ್ಬಿಣದ ಡಿಸ್ಕು ಹಾಕಿಸಿಕೊಂಡು ಬಂದ. ಕುಳ್ಳಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು. ಮಗನ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ ಬಂತು.

ಆ ಹೆಮ್ಮೆಯಲ್ಲೇ ಒಂದು ಮಾತು ಕೊಟ್ಟುಬಿಟ್ಟಳು. ಗುರುವಾರ ಪಾಂಡವಪುರದಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರವಿತ್ತು. ಕಣ್ಣು ಮಂಜಾಗಿ ಮನೆಯ ಮೂಲೆ ಹಿಡಿದಿದ್ದ ಮಾರಮ್ಮ, ಮಾಯಮ್ಮ, ಬೀದಿಯ ಉಳಿದ ಮುದುಕಿಯರು ಎಲ್ಲರಿಗೂ, "ನಮ್ ಜೀಪದೆ, ನಾನ್ ಕರ್ಕೊಂಡೋಯ್ತೀನಿ ಬನ್ರವ್ವ" ಎಂದಳು.

ಸೋಮವಾರ ತಾಯಿ ಮಗ ಶ್ರೀರಂಗಪಟ್ಟಣದಿಂದ ಬರುವಾಗ ಏರಿಯ ಮೇಲೆ ಕೆಸರು ಸಿಕ್ಕಿತು. ಪುಟ್ಟರಾಜು ಫೋರ್ ವೀಲ್ ಗೇರು ಹಾಕಿದ. ಕೆಸರು ದಾಟಿ ಏರಿಯ ಮೇಲಿನ ಟಾರು ರಸ್ತೆಗೆ ಬಂದರೂ ಆ ಗೇರು ಬಿಡಲೊಲ್ಲದು. ಅಡಿಯಲ್ಲಿ ಕಟಕಟ ಸದ್ದು, ಹಿಂದೆ ರಬ್ಬರು ಸುಟ್ಟ ವಾಸನೆ. ತಿರುವಿನಲ್ಲಿ ಸ್ಟೇರಿಂಗು ತಿರುಗಿಸಿದರೂ ಜೀಪು ನೇರ ನಾಲೆಯ ಕಡೆಗೇ ನುಗ್ಗಿ, ಅಂಚಿನಲ್ಲಿ ಹೇಗೋ ನಿಂತಿತು.

ಸುದ್ದಿ ಕೇಳಿ ಸಂಜೆಗೇ ನಾಗರಾಜ ಬಂದ. ಅವನು ಪುಟ್ಟರಾಜುವಿನ ಜೊತೆ ಓದಿದವನು. ಕಮ್ಮಾರಿಕೆ ಮನೆಯವನು, ಪಾಂಡವಪುರದಲ್ಲಿ ಲಾರಿ, ಜೀಪುಗಳ ಕಮಾನು ಪಟ್ಟಿ ರಿಪೇರಿ ಮಾಡುತ್ತಿದ್ದ. ಮಗುಚಿ ಬಿದ್ದ ಗಾಡಿಗಳನ್ನು ನೋಡಿ ನೋಡಿ ಅವನಿಗೆ ಈ ವಿಷಯದಲ್ಲಿ ತಮಾಷೆ ಸೇರುತ್ತಿರಲಿಲ್ಲ.

"ಲೇ ಪುಟ್ಟ, ಯಾವನ್ಲಾ ಇದ್ನ ಹಾಕ್ದೋನು? ಮುಂದೊಂದು ಅಳ್ತೆ, ಇಂದೊಂದು ಅಳ್ತೆ!"

"ಯಾಕ್ಲಾ, ಟ್ರಾಕ್ಟರಿಗೆ ಹಿಂದೆ ದೊಡ್ ಚಕ್ರ, ಮುಂದೆ ಚಿಕ್ ಚಕ್ರ ಇರಲ್ವಾ? ಅದೇನ್ ಬಿದ್ದೋಯ್ತದಾ?" ಎಂದ ಪುಟ್ಟರಾಜು.

ಊರಿಗೆ ಊರೇ ಟ್ರಾಕ್ಟರು ನೋಡಿಕೊಂಡು ಬೆಳೆದದ್ದು. ಸುತ್ತ ನಿಂತವರೆಲ್ಲ ಹೌದು ಹೌದೆಂದು ತಲೆದೂಗಿದರು. ಕುಳ್ಳಮ್ಮನೂ ತೂಗಿದಳು.

"ನಮ್ಮೂರ್ ಟ್ರಾಕ್ಟರಲ್ಲಿ ಎಳೆಯೋದು ದೊಡ್ ಚಕ್ರ ಮಾತ್ರ ಕಣ್ಲಾ. ಮುಂದಿಂದು ಸುಮ್ನೆ ಉಳ್ಳಾಡ್ಕೊಂಡ್ ಓಯ್ತದೆ. ನಾಕೂ ಎಳೆಯೋ ಟ್ರಾಕ್ಟರೂ ಅವೆ, ಅವುಕ್ಕೆ ಒಳ್ಗಿನ ಗೇರೇ ಬ್ಯಾರೆ. ನಿನ್ ಜೀಪಲ್ಲಿ ಆ ಗೇರ್ ಹಾಕುದ್ರೆ ನಾಕೂ ಒಂದೇ ಲೆಕ್ದಲ್ಲಿ ಸುತ್ಬೇಕು. ಅವ್ವ, ಒಸಿ ದಾರ ತತ್ತಾ."

ಕುಳ್ಳಮ್ಮ ಹೂ ಕಟ್ಟುವ ದಾರದ ಉಂಡೆ ತಂದಳು. ನಾಗರಾಜ ಮುಂದಿನ ಟೈರಿನ ಸುತ್ತ ದಾರ ಸುತ್ತಿ ಅಳತೆಗೆ ಕತ್ತರಿಸಿದ. ಅದೇ ದಾರವನ್ನು ಹಿಂದಿನ ಟೈರಿಗೆ ಸುತ್ತಲು ಅವಳ ಕೈಗೇ ಕೊಟ್ಟ. ಎಳೆದೂ ಎಳೆದೂ ದಾರ ಕೂಡಲಿಲ್ಲ.

"ಗೇಣುದ್ದ ಸಾಲ್ದು ಕಣಪ್ಪ!"

"ಆ ಗೇಣು ಒಂದೊಂದ್ ಸುತ್ತಿಗೂ ಒಳಗೆ ಜಗಳ ಆಡ್ತದೆ ಕಣವ್ವ. ಕೆಸ್ರಲ್ಲಾದ್ರೆ ಚಕ್ರ ಜಾರಿ ಸರಿ ಮಾಡ್ಕೋತದೆ. ಟಾರಲ್ಲಿ ಜಾರಲ್ಲ, ಗೇರು ಕಚ್ಕೋತದೆ, ಜೀಪು ತಿರ್ಗಾಕೂ ಒಪ್ಪಕಿಲ್ಲ. ನಾಕೂ ಸಮ ಇದ್ರೂ ಅಷ್ಟೇ, ಟಾರಿಗೆ ಬಂದೇಟ್ಗೆ ಆ ಗೇರು ತೆಗ್ದುಬುಡ್ಬೇಕು."

ಪುಟ್ಟರಾಜು ಬಗ್ಗಲಿಲ್ಲ. "ಆಯ್ತು, ಡಿಸ್ಕು ಈಚೆ ಬಂದ್ರೇನ್ಲಾ? ಅಗಲ ಇದ್ದಷ್ಟೂ ಗಟ್ಟಿ ಅಂದ್ರು."

"ಡಿಸ್ಕಲ್ಲಿ ನಟ್ ಬಿಗಿಯೋ ಜಾಗ ಚಕ್ರದ ನಟ್ಟನಡೂಗಿಂದ ಎಷ್ಟು ಒಳೀಕದೆ, ಎಷ್ಟು ಈಚ್ಗದೆ ಅನ್ನೋದ್ಕೆ ಆಫ್‌ಸೆಟ್ಟು ಅಂತಾರೆ. ಅವ್ವ, ತುಂಬಿದ್ ಬಿಂದ್ಗೆ ಸೊಂಟುದ್ ಮೇಲಿಟ್ಕೊಂಡ್ರೆ ಎಂಗೆ, ಕೈ ಚಾಚಿ ಹಿಡ್ಕೊಂಡ್ರೆ ಎಂಗೆ?"

"ಚಾಚುದ್ರೆ ತೋಳೇ ಕಿತ್ಕೊಂಡ್ ಓಯ್ತದೆ."

"ಚಕ್ರ ಹೊರೋ ಬೇರಿಂಗಿಗೂ ಅಂಗೇಯಾ. ಅಂಗಂತ ತೀರಾ ಒಳೀಕೋದ್ರೂ ಪಟ್ಟಿಗೆ ಉಜ್ತದೆ. ಇನ್ನು ನೀನು ಪಟ್ಟಿ ಬಿಚ್ಚಿ ತಗ್ಸಿದೀಯ. ಜನ ತುಂಬುದ್ರೆ ಮಡ್‌ಗಾರ್ಡು ಬಂದು ಟೈರಿನ್ ಮೇಲೇ ಕೂತ್ಕೋತದೆ. ನೋಡಿಲ್ಲಿ."

ಟೈರಿನ ಪಕ್ಕ ಚಾಕುವಿನಲ್ಲಿ ಹೆರೆದ ಹಾಗೆ ಸವೆದಿತ್ತು. ಇಬ್ಬರು ಕೂತಾಗಲೇ ಇಷ್ಟು. ಪುಟ್ಟರಾಜುವಿನ ಮುಖ ಸಣ್ಣದಾಯಿತು.

"ಗುರುವಾರ ಒಂದ್ಕಿತ ಮೆಲ್ಲುಗ್ ಓಗ್ಬಂದ್ಬುಡ್ತೀನಿ. ಆಮೇಲ್ ಸರಿ ಮಾಡುಸ್ತೀನಿ" ಎಂದ.

ಕುಳ್ಳಮ್ಮ ಜೀಪಿನ ಮುಂದೆ ಬಂದು ನಿಂತಳು. "ಇಲ್ಲ ಕಣ್ಲಾ ಮಗ. ಅವ್ರಿಗೆ ಕಣ್ ಕಾಣಕಿಲ್ಲ, ನನ್ ಮಾತ್ ನಂಬ್ಕೊಂಡು ಹತ್ತೋ ಜೀವ್ಗೊಳು. ಗುರುವಾರ್ದೊಳ್ಗೆ ಸರಿ ಮಾಡ್ಸು. ಇಲ್ದಿದ್ರೆ ಒಬ್ಬೊಬ್ರುನ್ನೂ ಕೈ ಹಿಡ್ಕೊಂಡು ನಾನೇ ನಡುಸ್ಕೊಂಡ್ ಓಯ್ತೀನಿ."

ಆ ಮಂಡಿಯಲ್ಲಿ ಅವಳು ಬೀದಿಯ ಕೊನೆಗೂ ನಡೆಯಲಾರಳು. ಆದರೂ ಹೊರಟೇಬಿಡುವವಳೆಂದು ಮಗನಿಗೆ ಗೊತ್ತಿತ್ತು.

ಮರುದಿನ ಪುಟ್ಟರಾಜು, ನಾಗರಾಜ ಇಬ್ಬರೂ ಬೆಳ್ಳೂರು ಕ್ರಾಸಿಗೆ ಹೋದರು. ಕೊಟ್ಟ ಮಾಲು ವಾಪಸ್ಸು ತಗೊಳ್ಳಲು ಅಂಗಡಿಯವನು ಗೊಣಗಿದ. ಪುಟ್ಟರಾಜು ಜಗ್ಗಲಿಲ್ಲ. ಜೀಪಿನ ಹಳೆಯ ಟೈರಿನ ಮೇಲೆ ಬರೆದಿದ್ದ ಅಳತೆ ಓದಿಸಿ ಅದೇ ಅಳತೆಯ ನಾಲ್ಕು ಟೈರು ತಗೊಂಡ. ಹಳೆಯ ಡಿಸ್ಕನ್ನು ಪಕ್ಕದಲ್ಲಿಟ್ಟು, ನಟ್ಟಿನ ಜಾಗ ಎರಡರಲ್ಲೂ ಒಂದೇ ಕಡೆ ಇದೆಯೆಂದು ನೋಡಿಯೇ ಡಿಸ್ಕು ಆರಿಸಿದ. ಪುಟ್ಟರಾಜು ಬಿಚ್ಚಿಸಿದ್ದ ಪಟ್ಟಿಗಳನ್ನೆಲ್ಲ ನಾಗರಾಜ ಮತ್ತೆ ಕಟ್ಟಿ, ಬಾಗು ಮಾತ್ರ ಕೊಂಚ ಇಳಿಸಿದ. ಜೀಪು ತುಸು ತಗ್ಗಾಗಿಯೇ ಉಳಿಯಿತು, ಹತ್ತಲು ಹಿಂದೊಂದು ಕಬ್ಬಿಣದ ಮೆಟ್ಟಿಲೂ ಬಂತು. ಕೊನೆಗೆ ಬೀದಿಯ ಗಂಡಸರನ್ನೆಲ್ಲ ಜೀಪಿನಲ್ಲಿ ತುಂಬಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರು ಎಲ್ಲೂ ತಾಗುವುದಿಲ್ಲವೆಂದು ಕೈಯಾಡಿಸಿ ನೋಡಿದರು.

ಗುರುವಾರ ಮುದುಕಿಯರೆಲ್ಲ ಪಾಂಡವಪುರ ಸೇರಿದರು. ಆಪರೇಷನ್ ಆಗಿ, ಕೆಲವು ದಿನ ಅಲ್ಲೇ ಇದ್ದು, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಪುಟ್ಟರಾಜು ಅವ್ವನನ್ನೂ ಕೂರಿಸಿಕೊಂಡು ಅವರನ್ನು ಕರೆತರಲು ಹೋದ. ದಪ್ಪ ಕನ್ನಡಕ ಹಾಕಿಕೊಂಡ ಮಾರಮ್ಮ ದಾರಿಯುದ್ದಕ್ಕೂ ಕಬ್ಬು, ಗದ್ದೆ, ಕೊಕ್ಕರೆ ಎಂದು ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದಳು. ಏರಿಯ ತಿರುವಿಗೆ ಬಂದಾಗ ಇದ್ದಕ್ಕಿದ್ದಂತೆ ಕುಳ್ಳಮ್ಮನ ಕೈ ಹಿಡಿದುಕೊಂಡಳು.

"ಲೇ ಕುಳ್ಳಿ, ನೀರು ಇಷ್ಟು ಅತ್ರ ಇತ್ತೇನೇ?"

ಪುಟ್ಟರಾಜು ವೇಗ ಇಳಿಸಿದ. ಮೆಲ್ಲಗೆ ತಿರುವು ದಾಟಿಸಿದ.

ಜೀಪು, ಕಾರು, ವ್ಯಾನು ಇಟ್ಟುಕೊಂಡಿರುವ ಅಣ್ಣತಮ್ಮಂದಿರೇ, ಗಾಡಿ ತಗ್ಗಿಸುವ ಮೊದಲು, ಟೈರು, ಡಿಸ್ಕು ಬದಲಿಸುವ ಮೊದಲು ತಿಳಿದವರನ್ನು ಕೇಳಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ನಾಲ್ಕಕ್ಕೂ ದಾರ ಹಿಡಿದು ನೋಡಿ. ಗಾಡಿ ಹತ್ತುವ ತಾಯಂದಿರೇ, ನೀವೂ ಒಮ್ಮೆ ಚಕ್ರದ ಕಡೆ ನೋಡಿ, ಅನುಮಾನ ಬಂದರೆ ಹತ್ತಬೇಡಿ. ಹಿಂದೆ ಕೂತವರಿಗೆ ನೀರು ಎಷ್ಟು ಹತ್ತಿರವಿದೆಯೆಂದು ಕಾಣುವುದಿಲ್ಲ, ಅದನ್ನು ನೋಡಬೇಕಾದವರು ಗಾಡಿ ಓಡಿಸುವ ನೀವು.