ಪಿನ್ನು ಹೊಡೆದ ಕೊನೆಯ ಅಧ್ಯಾಯ

ರಾಜನಿಗೆ ವಿಷವಿಕ್ಕಿದವನು ವೈದ್ಯನೋ, ಅರಮನೆಯ ದೀಪ ಹಚ್ಚುವ ಮುದುಕನೋ? ವೈದ್ಯನೆಂದರೆ ತೀರಾ ಸುಲಭವಾಯಿತು. ಮುದುಕನಿಗೋ ಯಾರ ಮೇಲೂ ದ್ವೇಷವಿರಲಿಲ್ಲ. ಅಪ್ಪ ತೀರಿಕೊಂಡಂದಿನಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಪದವೀಧರ ಯುವಕನೊಬ್ಬ ಬೆಳಗಿನಿಂದ ಇದೇ ಗೊಂದಲದಲ್ಲಿದ್ದ. ಹಳೆಯ ಕಾಲದ ಈ ಪತ್ತೇದಾರಿ ಕಾದಂಬರಿ ಕೊಟ್ಟವಳು, ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ನಡೆಸುವ ಅವನ ಸೋದರತ್ತೆ. ಕೊನೆಯ ಅಧ್ಯಾಯದ ಹಾಳೆಗಳನ್ನು ಸೇರಿಸಿ ಪಿನ್ನು ಹೊಡೆದೇ ಕೊಡುತ್ತಿದ್ದಳು. ಕೊಲೆಗಾರ ಯಾರೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಪಿನ್ನು ತೆಗೆಯುವುದು ಅಂಗಡಿಯ ಪದ್ಧತಿ ಎಂದಿದ್ದಳು.

ಸಂಜೆ ಅಂಗಡಿಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಹೂಂ, ಯಾರಪ್ಪ ಕೊಲೆಗಾರ?" ಅಂದಳು ಅತ್ತೆ.

"ದೀಪದ ಮುದುಕ."

"ಯಾಕೆ ಅಂತ ಹೇಳು. ಸುಮ್ನೆ ಅಂದ್ರೆ ಪಿನ್ನು ಬಿಚ್ಚಲ್ಲ."

ಎಣ್ಣೆಯ ಗಿಂಡಿ, ಹಿತ್ತಿಲ ಬಾಗಿಲು, ಸತ್ತ ಬೆಕ್ಕು ಎಂದು ಒಂದೊಂದಾಗಿ ವಿವರಿಸುತ್ತ ಹೋದಂತೆ ಅವನ ದನಿ ತಾನಾಗಿ ಏರಿತು. ಅತ್ತೆ ಬಿದ್ದುಬಿದ್ದು ನಕ್ಕಳು.

"ಏನೂ ಅರಿಯದ ಮುದುಕನ್ನ ಗಲ್ಲಿಗೇರಿಸ್ಬಿಟ್ಯಲ್ಲೋ ಪುಣ್ಯಾತ್ಮ!"

ಅವನಿಗೂ ನಗು ಬಂತು.

ಅಷ್ಟರಲ್ಲಿ ಗಿರಾಕಿಯೊಬ್ಬ ಇನ್ನೊಂದು ಪತ್ತೇದಾರಿ ಕಾದಂಬರಿ ಹಿಂದಿರುಗಿಸಿದ. ಅದರಲ್ಲಿ ಪಿನ್ನಿನ ಗುರುತೇ ಇರಲಿಲ್ಲ. ಯುವಕ ಕಪಾಟಿನಿಂದ ಅಂಥವೇ ಎರಡು ಮೂರು ತೆಗೆದು ನೋಡಿದ, ಅವುಗಳಲ್ಲೂ ಇರಲಿಲ್ಲ. ಅವನ ಕಣ್ಣು ತುಂಬಿ ಬಂತು.

"ನಾಳೆಗೆ ಇನ್ನೊಂದು ಕೊಡು ಅತ್ತೆ," ಎಂದ.

ತನ್ನನ್ನು ಮಾತಾಡಿಸಲೆಂದೇ ಅವಳು ಆ ಪದ್ಧತಿ ಹುಟ್ಟುಹಾಕಿದ್ದು ತನಗೆ ತಿಳಿದುಹೋಯಿತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.