ಬಂಡಲಿನಲ್ಲಿ ಬಂದ ಪದ್ಯ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ನಾಲಿಗೆಯೂ ಹಾಗೇ ಇತ್ತು ಬಿಡಿ. ಅವಳು ಕತ್ತರಿಸಿ ಕಟ್ಟಿದ ಬಂಡಲು ಮೊದಲು ಜೇಬು ಹೊಲಿಯುವವಳಿಗೆ, ಅಲ್ಲಿಂದ ಕಾಲರಿನವಳಿಗೆ, ತೋಳಿನವಳಿಗೆ ಎಂದು ಸಂಜೆಯೊಳಗೆ ನಲವತ್ತು ಜನರ ಕೈ ದಾಟುತ್ತಿತ್ತು. ದಿನಕ್ಕೊಂದು ಬಂಡಲಿನಲ್ಲಿ ಅವಳು ಒಂದು ಪದ್ಯ ಇಡುತ್ತಿದ್ದಳು. ಪ್ರೆಸ್ಸಿನಲ್ಲಿ ಕೆಲಸ ಮಾಡುವ ನಾದಿನಿ ಹೊಸ ಪತ್ರಿಕೆಗಳನ್ನು ತಂದುಕೊಡುತ್ತಿದ್ದಳು. ಇವಳು ಅವುಗಳಿಂದ ಒಂದು ಪದ್ಯ ಆರಿಸಿ, ದುಂಡಗೆ ಬರೆದು, ಬಟ್ಟೆಯ ನಡುವೆ ಸೇರಿಸುತ್ತಿದ್ದಳು. ಓದಿದವಳು ಮುಂದಕ್ಕೆ ದಾಟಿಸಬೇಕು, ಅಷ್ಟೇ ಕಟ್ಟಳೆ.

ಮೊದಮೊದಲು ಕಾಲರಿನ ದೊಡ್ಡಮ್ಮ ಮೂಗು ಮುರಿದಿದ್ದಳು. "ಪದ್ಯ ಬರೆಯೋರೆಲ್ಲ ಸತ್ತು ಫೋಟೋ ಆಗಿರ್ತಾರಲ್ಲೇ?"

"ಅಯ್ಯೋ, ಇದನ್ನ ಬರೆದೋಳು ನಿಮ್ಮ ಸೊಸೆ ವಯಸ್ಸಿನೋಳು ದೊಡ್ಡಮ್ಮ. ನಮ್ಮ ಥರಾನೇ ಬಸ್ಸಿಗೆ ಕಾಯ್ತಾಳೆ," ಎಂದಿದ್ದಳು ಕತ್ತರಿಯಕ್ಕ.

ಅಂದಿನಿಂದ ಪದ್ಯ ಬರುವುದು ತಡವಾದರೆ ದೊಡ್ಡಮ್ಮನಿಗೆ ಸಿಡಿಮಿಡಿ.

ಎಡವಟ್ಟು ಮಾಡಿದ್ದು ಜೇಬಿನವಳು. ಮುಗಿಸಿದ ಪ್ರತಿ ಬಂಡಲಿನ ನಂಬರು ಚೀಟಿಯನ್ನು ಕೆಲಸದ ಲೆಕ್ಕಕ್ಕೆಂದು ತಮ್ಮ ಕಾರ್ಡಿಗೆ ಅಂಟಿಸಿ, ಮಧ್ಯಾಹ್ನ ಆಫೀಸಿಗೆ ಒಪ್ಪಿಸುವುದು ಅಲ್ಲಿಯ ಪದ್ಧತಿ. ಅವತ್ತು ಗಡಿಬಿಡಿಯಲ್ಲಿ ಅವಳು ಚೀಟಿಯ ಜಾಗಕ್ಕೆ ಪದ್ಯವನ್ನೇ ಅಂಟಿಸಿ ಕೊಟ್ಟುಬಿಟ್ಟಳು. ಮುಂದಿನವರು ಯಾರೂ ಅದನ್ನು ಇನ್ನೂ ಓದಿರಲಿಲ್ಲ. ಗೋಂದು ಒಣಗುವ ಮೊದಲೇ ಸೂಪರ್‌ವೈಸರ್ ಕಾರ್ಡು ಹಿಡಿದು ಕುಣಿದಾಡುತ್ತ ಬಂದ. ಜೇಬಿನವಳು ಮಿಷಿನು ಬಿಟ್ಟು ಎದ್ದು ನಿಂತಳು.

"ಅವಳನ್ನ ಬಿಡಿ ಸಾರ್. ಅದು ನನ್ನ ಅಕ್ಷರ," ಎಂದಳು ಕತ್ತರಿಯಕ್ಕ.

"ಹಾಗಾದ್ರೆ ಇದನ್ನೇ ಕೈಯಲ್ಲಿ ಹಿಡ್ಕೊಂಡು ಮೈಕಲ್ಲಿ ತಪ್ಪಾಯ್ತು ಅನ್ನು. ಇನ್ಮೇಲೆ ಇಂಥ ಕಸ ಹಂಚಲ್ಲ ಅಂತ ಹೇಳು. ಇಲ್ದಿದ್ರೆ ಇವತ್ತೇ ಮನೆಗೆ."

ಕತ್ತರಿಯಕ್ಕನದು ಹನ್ನೊಂದು ವರ್ಷದ ಕೆಲಸ. ಹೋದರೆ ಮನೆ ನಡೆಯುವುದು ಹೇಗೆ? ಆದರೆ 'ಕಸ' ಎಂದದ್ದಕ್ಕೆ ಮೈಯೆಲ್ಲ ಉರಿದುಹೋಯಿತು. ಊಟದ ಹೊತ್ತಿನಲ್ಲಿ ಈ ಪದ್ಯಗಳ ಬಗ್ಗೆ ಇಷ್ಟು ಜನ ಕಿತ್ತಾಡಿ, ನಕ್ಕು, ಕಣ್ಣೊರೆಸಿಕೊಂಡು ಮಾತಾಡಿದ್ದೆಲ್ಲ ಕಸವೇ? ಕಸವಂತೆ ಕಸ!

ತಪ್ಪೊಪ್ಪಿಗೆ ಎಲ್ಲರಿಗೂ ಸ್ಪಷ್ಟವಾಗಿ ಕೇಳಲಿ ಎಂದು ಸೂಪರ್‌ವೈಸರ್ ಅಷ್ಟೂ ಮಿಷಿನುಗಳನ್ನು ನಿಲ್ಲಿಸಿದ. ಕತ್ತರಿಯಕ್ಕ ಮೈಕಿನ ಮುಂದೆ ನಿಂತು ಕಾರ್ಡನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ನನ್ನ ಬೆನ್ನನ್ನು ನಾನು ನೋಡಿಲ್ಲ.
ಬಾಗಿದೆಯೆಂದು ನೀವೇ ಹೊಗಳಿದಿರಿ.
ಸಾಕು ಮಾಡಿ ಹೊಗಳಿಕೆ.
ನೆಟ್ಟಗೆ ನಿಲ್ಲುವಷ್ಟು ಜಾಗ ಬಿಡಿ."

ಎರಡನೇ ಸಾಲಿಗೇ ಅವನು ಮೈಕು ಆರಿಸಿದ್ದ. ಆರಿಸಿ ಏನು ಬಂತು? ಮಿಷಿನುಗಳನ್ನು ತಾನೇ ನಿಲ್ಲಿಸಿದ್ದನಲ್ಲ, ಮಹಾನುಭಾವ! ಅವಳ ದನಿ ಕೊನೆಯ ಮೇಜಿನವರೆಗೂ ನೆಟ್ಟಗೆ ಹೋಯಿತು.

"ಹೊರಗೆ ನಡಿ!" ಅವನ ಮುಖ ಕೆಂಪೇರಿತ್ತು.

"ಹೋಗ್ತೀನಿ ಸಾರ್. ತಪ್ಪಾಯ್ತು ಅಂತ ಮಾತ್ರ ಅನ್ನಲ್ಲ."

"ಎಲ್ಲರೂ ಮಿಷಿನ್ ಹಾಕ್ರಿ! ಏನು ನೋಡ್ತಾ ಕೂತಿದೀರಾ?"

ಯಾರೂ ಮಿಸುಕಲಿಲ್ಲ. ಕಾಲರಿನ ದೊಡ್ಡಮ್ಮ ಪೆಡಲಿನಿಂದ ಕಾಲು ತೆಗೆದು ನೆಲದ ಮೇಲಿಟ್ಟಳು. ಸೂಪರ್‌ವೈಸರನ ಕಡೆ ತಿರುಗಿಯೂ ನೋಡಲಿಲ್ಲ.

"ಹೋಗೋದು ಆಮೇಲೆ ಹೋಗುವಂತೆ," ಎಂದಳು. "ಇನ್ನೊಂದ್ಸಲ ಓದೇ. ನಿಧಾನಕ್ಕೆ ಓದು."

ಕತ್ತರಿಯಕ್ಕ ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಓದಿದಳು.